ಎಡಗಡೆ ಸ್ವಲ್ಪ ಸಡಿಲ

ನನ್ನ ತಂಗಿ ಚೆನ್ನುವಿನ ಮೂಗು ಹೇಗೆ ಮುರಿಯಿತು ಎಂಬುದಕ್ಕೆ ಬೆಳ್ಳಾರೆ ಪೇಟೆಯಲ್ಲಿ ಮೂರು ಕಥೆಗಳಿವೆ. ಬಚ್ಚಲಿನ ಪಾಚಿಯಲ್ಲಿ ಜಾರಿ ಬಿದ್ದದ್ದು ಒಂದು. ದನ ತಲೆ ಕೊಡವಿದಾಗ ಕೊಂಬು ತಾಗಿದ್ದು ಇನ್ನೊಂದು. ಸ್ಕೂಟರಿನಿಂದ ಬಿದ್ದದ್ದು ಮೂರನೆಯದು. ಮೂರನ್ನೂ ಹೊಲಿದವಳು ನಾನು. ನನ್ನ ಕಸುಬೇ ಅದು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಜಲಜಾಕ್ಷಿ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಟೈಲರ್ ಜಲಜಕ್ಕ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ಬಾಯಿ ಜೋರು ಎಂಬ ಹೆಸರೂ ಇದೆ. ಮದುವೆಗೆ ಎರಡು ದಿನ ಇರುವಾಗ ಬಟ್ಟೆ ತಂದು ಕೊಡುವವರಿಗೆ, ಚರಂಡಿ ಅಗೆದು ಹಾಗೇ ಬಿಟ್ಟುಹೋದ ಪಂಚಾಯತಿನವರಿಗೆ, ಎಲ್ಲರಿಗೂ ಬಾಯಿಗೆ ಬಂದಂತೆ ಬೈದಿದ್ದೇನೆ. ಬೈಯಬೇಕಾದ ಒಬ್ಬನಿಗೆ ಮಾತ್ರ ಬೈಯಲಿಲ್ಲ. ಅದನ್ನು ಬರೆಯಲಿಕ್ಕೆಂದೇ ಈಗ ಕೂತದ್ದು.

ಚೆನ್ನು ನನಗಿಂತ ಹನ್ನೊಂದು ವರ್ಷಕ್ಕೆ ಸಣ್ಣವಳು. ಅಜ್ಜಿಯ ಹೆಸರು ಇಟ್ಟದ್ದು ಅವಳಿಗೆ, ಅಪ್ಪನ ಮೂಗು ಬಂದದ್ದೂ ಅವಳಿಗೆ. ನೆಟ್ಟಗಿನ, ಉದ್ದದ ಮೂಗು. ನನ್ನದು ಅಮ್ಮನದ್ದು, ಮೊಂಡು. ಅವಳ ಮೂಗು ನೋಡಲಿಕ್ಕೆ ಮಾತ್ರ ಚಂದವಲ್ಲ, ಕೆಲಸದ್ದೂ ಆಗಿತ್ತು. ಒಂಬತ್ತು ವರ್ಷದ ಹುಡುಗಿ ಅಂಗಳದಲ್ಲಿ ನಿಂತು, "ಅಮ್ಮ, ಕೊತ್ತಂಬರಿ ಹುರಿದದ್ದು ಹೆಚ್ಚಾಯ್ತು" ಎನ್ನುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾದದ್ದನ್ನೂ ವಾಸನೆಯಲ್ಲೇ ಹೇಳುತ್ತಿದ್ದಳು. ಇದೆಂಥ ಸೋಜಿಗ ಎಂದು ನಾವು ನಗುತ್ತಿದ್ದೆವು, ರುಚಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು.

ಆ ಮೂಗಿನಿಂದಾಗಿ ಬಂದ ಕೈರುಚಿಯನ್ನು ನೋಡಿಯೇ ಶೈಲೇಶ್ ಅವಳನ್ನು ಮದುವೆಯಾದ. ಗುಂಡ್ಯದಲ್ಲಿ ಅವನದೊಂದು ಹೋಟೆಲು. ಘಾಟಿ ಹತ್ತುವ ಮೊದಲು ಲಾರಿಯವರು, ಬಸ್ಸಿನವರು ನಿಲ್ಲಿಸುವ ಜಾಗ. ಗಲ್ಲಾದಲ್ಲಿ ಅವನು, ಒಲೆಯ ಮುಂದೆ ಇವಳು. ಗಿರಾಕಿಗಳೊಡನೆ ಅವನ ಮಾತು ಬೆಲ್ಲ. ನಾನು ಹೋದರೆ "ಜಲಜಕ್ಕ, ಕೂತ್ಕೊಳ್ಳಿ, ಒಂದು ಬಿಸಿ ದೋಸೆ ತಿಂದೇ ಹೋಗ್ಬೇಕು" ಎಂದು ಉಪಚಾರ ಮಾಡುತ್ತಿದ್ದ. ಮಕ್ಕಳಾಗಲಿಲ್ಲ. ಅದಕ್ಕೆ ಚೆನ್ನುವೇ ಕಾರಣ ಎಂದಾಯಿತು. ಪರೀಕ್ಷೆ ಯಾರೂ ಮಾಡಿಸಲಿಲ್ಲ.

ಪ್ರತಿ ವರ್ಷ ದೀಪಾವಳಿಯ ಮುಂಚೆ ಅವಳು ರವಿಕೆ ಬಟ್ಟೆ ಹಿಡಿದುಕೊಂಡು ಬೆಳ್ಳಾರೆಗೆ ಬರುತ್ತಿದ್ದಳು. ನಾನು ಟೇಪು ಹಿಡಿದರೆ ಮೊದಲು ಹೇಳುವ ಮಾತು ಒಂದೇ.

"ಎಡಗಡೆ ಸ್ವಲ್ಪ ಸಡಿಲ ಇರ್ಲಿ ಅಕ್ಕ."

"ದಪ್ಪ ಆಗುದಾದ್ರೆ ಎರಡೂ ಕಡೆ ಆಗ್ಬೇಕಲ್ಲ ಮಾರಾಯ್ತಿ. ನಿನ್ನದೆಂತ ಒಂದೇ ಕಡೆ?"

"ಗ್ಯಾಸ್ಟ್ರಿಕ್ಕು ಅಕ್ಕ. ಬಿಗಿ ಆದ್ರೆ ಹಿಡಿದ ಹಾಗೆ ಆಗ್ತದೆ" ಎಂದು ನಗುತ್ತಿದ್ದಳು. ನಾನೂ ನಗುತ್ತ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ: ಚೆನ್ನು, ಎಡಗಡೆ ಅರ್ಧ ಇಂಚು ಹೆಚ್ಚು.

ಮೂಗಿಗೆ ಮೊದಲ ಪೆಟ್ಟು ಬಿದ್ದದ್ದು ಐದು ವರ್ಷದ ಕೆಳಗೆ. ಸುದ್ದಿ ನಮಗೆ ಮುಟ್ಟಿದ್ದೇ ಹನ್ನೆರಡು ದಿನ ಕಳೆದ ಮೇಲೆ. ಒಳಗೆ ರಕ್ತ ಹೆಪ್ಪುಗಟ್ಟಿ, ಕೀವಾಗಿ, ಮೂಗಿನ ನಡುವಿನ ಗೋಡೆಯೇ ಕರಗಿಹೋಗಿತ್ತು. ಅದನ್ನು ಆಗ ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಊತ ಇಳಿದ ಮೇಲೆ ನೋಡಿದರೆ ಅಪ್ಪನ ಮೂಗಿನ ದಂಡೆ ನಡುವಿನಲ್ಲಿ ಕುಸಿದಿತ್ತು. ಬಚ್ಚಲಲ್ಲಿ ಜಾರಿದಳಂತೆ ಎಂದು ನಾನು ಪೇಟೆಯಲ್ಲಿ ಹೇಳಿದೆ. ಎರಡನೆಯ ಸಲ ಪೆಟ್ಟು ಬಿದ್ದಾಗ ಅವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದಳು. ಮೈ ಒರೆಸುವ ಬೈರಾಸನ್ನೇ ಮುಖಕ್ಕೆ ಸುತ್ತಿಕೊಂಡಿದ್ದಳು. ಯಾರಾದರೂ ಕೇಳಿದರೆ ದನ ಹಾಯ್ದದ್ದು ಎಂದು ಹೇಳಲು ನಾನೇ ಅವಳಿಗೆ ಕಲಿಸಿಕೊಟ್ಟೆ.

ಈಗ ನಮ್ಮ ಮನೆಯವರು ಮಾಡಿದ ಕೆಲಸ ಹೇಳುತ್ತೇನೆ. ಹಿರಿಯರಿಂದ ಬಂದ ತರವಾಡು ಮನೆಯಲ್ಲಿ ಇರುವುದು ನಮ್ಮ ಅಣ್ಣ ಪ್ರೇಮನಾಥ. ಅವನು ಶೈಲೇಶನನ್ನು ಕರೆಸಿದ. ಹಿರಿಯರು ನಾಲ್ಕು ಜನ ಕೂತರು. ಮಾತುಕತೆಯಾದ ಮೇಲೆ ಶೈಲೇಶನಿಗೆ ತಲೆಗೆ ನೀರು ಹಾಕಿಸಿ, ಮನೆಯ ದೈವದ ಎದುರು ದೀಪ ಹಚ್ಚಿ, ಕೈಯಲ್ಲಿ ಅಡಿಕೆ ಹೂವಿನ ಹಿಂಗಾರದ ಎಸಳು ಕೊಟ್ಟು ಸತ್ಯ ಹೇಳಿಸಿದರು, ಅಂದರೆ ಆಣೆ ಮಾಡಿಸಿದರು. ಇನ್ನು ಇವಳ ಮೈ ಮುಟ್ಟಿ ಹೊಡೆದರೆ ನೀನೇ ನೋಡಿಕೋ ಎಂದು ಅವನು ದೈವಕ್ಕೆ ಹೇಳಿದ. ಸ್ವರ ನಡುಗುತ್ತಿತ್ತು. ಕೋರ್ಟಿನಲ್ಲಿ ಭಗವದ್ಗೀತೆ ಮುಟ್ಟಿ ಸುಳ್ಳು ಹೇಳುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ, ದೈವದ ಎದುರು ಹೇಳುವವರಿಲ್ಲ ಎಂದು ನಾವು ನಂಬಿದವರು. ಅಣ್ಣನಿಗೆ ನೆಮ್ಮದಿಯಾಯಿತು, ನನಗೂ ಆಯಿತು. ದೈವದ ಮೇಲೆ ಭಾರ ಹಾಕಿ ನಾವು ಹಗುರಾದೆವು. ಅದೇ ವಾರ ಚೆನ್ನು ಗುಂಡ್ಯಕ್ಕೆ ಹೋದಳು.

ಮೂಗು ಸರಿ ಮಾಡಿಸಬೇಕು ಎಂದೂ ಆ ದಿನವೇ ತೀರ್ಮಾನವಾಗಿತ್ತು. ಮಂಗಳೂರಿನ ಒಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ವಯಸ್ಸಾದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಹೇಗೆ ಆಯಿತು, ಮತ್ತೆ ಪೆಟ್ಟು ಬೀಳುವ ಹಾಗೆ ಉಂಟಾ. ಮೊದಲನೆಯದಕ್ಕೆ ದನ ಎಂದೆ. ಎರಡನೆಯದಕ್ಕೆ "ಇಲ್ಲ ಡಾಕ್ಟ್ರೆ, ದನ ಮಾರಿ ಆಯ್ತು" ಎಂದೆ. ಚೆನ್ನು ನೆಲ ನೋಡುತ್ತಿದ್ದಳು. ನನ್ನ ಮಾತನ್ನು ನಂಬಿ ಅವರು ಸಿಲಿಕಾನಿನ ತುಂಡೊಂದನ್ನು ಇಟ್ಟು ಮೂಗು ಎತ್ತರಿಸಿದರು. ಬೇಗ ಗುಣವಾಯಿತು, ನೋಡಲಿಕ್ಕೂ ಚಂದವಾಯಿತು. ಅವಳು ಹಳೆಯ ಮೂಗುಬೊಟ್ಟು ಹಾಕಿಕೊಂಡು ಫೋಟೋ ತೆಗೆದು ನನಗೆ ಕಳುಹಿಸಿದಳು. ಫೋಟೋ ನೋಡಿ ನಾನು ಅತ್ತೆ, ಖುಷಿಯಿಂದಲೇ.

ಏಳು ತಿಂಗಳು ಅವನು ಕೈ ಎತ್ತಲಿಲ್ಲ. ಎಂಟನೆಯ ತಿಂಗಳಿನಲ್ಲಿ ಹಾಸನದ ಕಡೆಯ ಒಬ್ಬ ಮುದಿ ಲಾರಿ ಡ್ರೈವರು ಊಟ ಮುಗಿಸಿ ಕೈ ತೊಳೆಯುತ್ತ, "ಏನವ್ವಾ, ಈಗ ಮೊದಲಿನಂಗೇ ಲಕ್ಷಣವಾಗಿ ಕಾಣ್ತೀಯ" ಎಂದನಂತೆ. ಲಾರಿ ಹೊರಟ ಮೇಲೆ ಶೈಲೇಶ್ ಅಡುಗೆಕೋಣೆಗೆ ಬಂದು, ಯಾರಿಗೆ ತೋರಿಸಲಿಕ್ಕೆ ಮೂಗು ಮಾಡಿಸಿಕೊಂಡದ್ದು ಎಂದು ಕೇಳಿ, ಕಬ್ಬಿಣದ ಸಟ್ಟುಗದಲ್ಲಿ ಆ ಮೂಗಿಗೇ ಹೊಡೆದ. ಮೂರು ವಾರದಲ್ಲಿ ಮೂಗಿನ ತುದಿ ಕೆಂಪಾಗಿ, ಒಡೆದು, ಬಿಳಿಯ ಸಿಲಿಕಾನು ಹೊರಗೆ ಕಂಡಿತು. ಅದನ್ನು ತೆಗೆಸಬೇಕಾಯಿತು. ತೆಗೆದ ಮೇಲೆ ಚರ್ಮ ಒಳಗೆ ಎಳೆದುಕೊಂಡು, ಮೂಗು ಮೊದಲಿಗಿಂತಲೂ ಕಡೆಯಾಯಿತು. ಉಸಿರಾಡಲಿಕ್ಕೆ ಬಾಯಿ ತೆರೆಯಬೇಕು. ವಾಸನೆ ಪೂರ್ತಿ ಹೋಯಿತು. ಒಗ್ಗರಣೆ ಕರಟಿದರೂ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಬೈಗುಳ.

ಆಗ ಅವಳು ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕೂತು ಕೇಳಿದಳು. "ಅಕ್ಕ, ನಾನು ಇಲ್ಲೇ ಇರ್ಲಾ? ಹೆಮ್ಮಿಂಗ್ ಹಾಕ್ತೇನೆ, ಹುಕ್ಸ್ ಹಾಕ್ತೇನೆ."

ನನ್ನದು ಅಂಗಡಿಯ ಹಿಂದೆ ಒಂದೂವರೆ ಕೋಣೆಯ ಮನೆ. ಗಂಡ ತೀರಿಹೋಗಿ ಹದಿನಾಲ್ಕು ವರ್ಷ. ಜಾಗ ಇಲ್ಲ ಎಂದು ಹೇಳುವ ಹಾಗಿರಲಿಲ್ಲ. ಆದರೆ ನನ್ನ ಅಂಗಡಿ ನಡೆಯುವುದೇ ಮದುವೆ ರವಿಕೆಗಳಿಂದ. ನಾನು ಒಂಟಿಯಾದ ಮೇಲೆಯೇ ಕೆಲವರು ಮದುಮಗಳ ಧಾರೆಯ ರವಿಕೆ ಮಾತ್ರ ಬೇರೆ ಕಡೆ ಕೊಡಲು ಶುರು ಮಾಡಿದ್ದರು. ಇನ್ನು ಗಂಡನನ್ನು ಬಿಟ್ಟು ಬಂದ, ಮೂಗಿಲ್ಲದ ತಂಗಿಯೂ ಬಾಗಿಲಲ್ಲಿ ಕೂತರೆ ಯಾರು ಬರುತ್ತಾರೆ ಎಂದು ನನ್ನ ತಲೆಯಲ್ಲಿ ಓಡಿತು. ಓಡಿದ್ದು ಓಡಿತು, ಸುಳ್ಳು ಬರೆದು ಏನು ಪ್ರಯೋಜನ. "ಈಗ ಸೀಸನ್ ಚೆನ್ನು. ಸೀಸನ್ ಮುಗಿಲಿ, ನೋಡುವ" ಎಂದೆ. ಹೊಸ ರವಿಕೆಯೊಂದನ್ನು ಕವರಿಗೆ ಹಾಕಿ ಕೊಟ್ಟು, ಗುಂಡ್ಯಕ್ಕೆ ವಾಪಸ್ ಹೋಗಲು ಪುತ್ತೂರಿನ ಬಸ್ಸು ಹತ್ತಿಸಿದೆ. ಸ್ಕೂಟರಿನ ಕಥೆಯನ್ನು ಆ ವಾರವೇ ಹೊಲಿದದ್ದು. ಅಣ್ಣನಿಗೆ ಫೋನ್ ಮಾಡಿದರೆ, "ಇನ್ನೊಮ್ಮೆ ಸತ್ಯ ಹೇಳಿಸುವ" ಎಂದ.

ಕಳೆದ ವರ್ಷ ಪುತ್ತೂರಿನ ಒಂದು ಆಸ್ಪತ್ರೆಗೆ ಗುರುವಾರ ಗುರುವಾರ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರುತ್ತಾರೆ ಎಂದು ಗೊತ್ತಾಯಿತು. ಹೆಸರು ತನ್ಮಯೀ. ಸಣ್ಣ ಪ್ರಾಯದ ಹೆಣ್ಣು, ಮಾತು ನಿಧಾನ. ಚೆನ್ನುವನ್ನು ಕೂರಿಸಿ, ಮೂಗಿನೊಳಗೆ ಲೈಟು ಹಾಕಿ ನೋಡಿ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಕೈ ತೊಳೆದು ಬಂದು ಕೂತರು. ಶೈಲೇಶನೂ ಬಂದಿದ್ದ, ಕೈಯಲ್ಲಿ ಎರಡು ಎಳನೀರು ಬೊಂಡ ಹಿಡಿದುಕೊಂಡು.

"ಒಮ್ಮೆ ಆಪರೇಷನ್ ಆದ ಮೂಗನ್ನು ಮತ್ತೆ ಮಾಡುದು ಕಷ್ಟ" ಎಂದರು ಡಾಕ್ಟರು. "ಕುಸಿದ ಜಾಗಕ್ಕೆ ಎಂತಾದರೂ ಇಟ್ಟು ಎತ್ತಬೇಕು. ಎಂತ ಇಡುದು ಅನ್ನುದೇ ಪ್ರಶ್ನೆ. ಮೂಗಿನ ನಡುಗೋಡೆಯ ಮೆದು ಎಲುಬನ್ನೇ ಮೊದಲು ನೋಡುದು ನಾವು. ಇವರಿಗೆ ಅಲ್ಲಿ ಎಂತದೂ ಉಳಿದಿಲ್ಲ."

"ಆ ಮೊದಲಿನ ರಬ್ಬರೇ ಸಾಕಲ್ಲ ಡಾಕ್ಟ್ರೆ" ಎಂದ ಶೈಲೇಶ್.

"ಸಿಲಿಕಾನ್ ಇನ್ನು ಆಗುದಿಲ್ಲ. ಚರ್ಮ ತೆಳು ಆಗಿದೆ, ಒಮ್ಮೆ ಕೀವೂ ಆಗಿದೆ. ಮತ್ತೆ ಹೊರಗೆ ಬರ್ತದೆ." ಅವರು ಚೆನ್ನುವಿನ ಕಡೆಯೇ ನೋಡಿ ಮಾತಾಡುತ್ತಿದ್ದರು. "ಕಿವಿಯ ಹಿಂದಿನಿಂದ ತೆಗೀಬಹುದು. ಅದು ಮೆತ್ತಗೆ, ಬಾಗಿ ಇರ್ತದೆ. ತುದಿಗೆ ಆಗ್ತದೆ, ದಂಡೆ ಎತ್ತಿ ಹಿಡೀಲಿಕ್ಕೆ ಬಲ ಸಾಕಾಗುದಿಲ್ಲ. ತೀರಿಹೋದವರು ದಾನ ಕೊಟ್ಟ ಪಕ್ಕೆಲುಬು ಶುದ್ಧ ಮಾಡಿ ಇಟ್ಟದ್ದು ಸಿಗ್ತದೆ. ಅದಾದ್ರೆ ನಿಮ್ಮ ಎದೆ ಕೊಯ್ಯುದು ಬೇಡ. ಆದ್ರೆ ಕೆಲವರಿಗೆ ವರ್ಷ ಹೋದ ಹಾಗೆ ಕರಗ್ತದೆ."

"ಸತ್ತವರದ್ದು ಅಂತ ನನಗೆ ಎಂತ ಇಲ್ಲ" ಎಂದಳು ಚೆನ್ನು. ಆ ದಿನ ಅವಳ ಮೊದಲ ಮಾತು ಅದು. "ಕರಗುದು ಬೇಡ."

"ಹಾಗಾದ್ರೆ ನಿಮ್ಮದೇ ಪಕ್ಕೆಲುಬಿನ ತುದಿಯ ಮೆದು ಭಾಗ. ಎದೆಯ ಕೆಳಗೆ ಸಣ್ಣ ಗಾಯ ಮಾಡಿ ತೆಗೆದು, ಕೆತ್ತಿ ಇಡುದು. ನನ್ನ ಪ್ರಕಾರ ಅದೇ ಒಳ್ಳೇದು. ನೋವುಂಟು. ಎರಡು ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ."

ಕಸುಬಿನವಳಿಗೆ ಇದು ಅರ್ಥವಾಗದ್ದಲ್ಲ. ಹರಿದ ಸೀರೆಗೆ ತೇಪೆ ಹಾಕುವಾಗ ಅದೇ ಸೀರೆಯ ಒಳ ಅಂಚಿನಿಂದಲೇ ತುಂಡು ತೆಗೆಯುತ್ತೇವೆ. ಬೇರೆ ಬಟ್ಟೆ ಹಾಕಿದರೆ ಒಗೆದ ಮೇಲೆ ಒಂದು ಕುಗ್ಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ನನ್ನದು ತೆಗೀರಿ ಡಾಕ್ಟ್ರೆ. ಒಂದೇ ಅಪ್ಪ ಅಮ್ಮನ ಮಕ್ಕಳು ನಾವು."

ಅವರು ನಗಲಿಲ್ಲ. "ಹಾಗೆ ಮಾಡುವ ಕ್ರಮ ಇಲ್ಲ ಅಕ್ಕ. ನೀವು ಅಕ್ಕ ಆದ್ರೂ ಅವರ ದೇಹಕ್ಕೆ ನೀವು ಬೇರೆಯವರೇ."

"ಎದೆ ಗಿದೆ ಕೊಯ್ದು ಮಲಗಿಸಿದ್ರೆ ನನ್ನ ಹೋಟೆಲಿನ ಗತಿ ಎಂತ?" ಎಂದು ಶೈಲೇಶ್ ನಗಾಡಿದ. ಡಾಕ್ಟರು ಅವನನ್ನು ಸ್ವಲ್ಪ ಹೊತ್ತು ನೋಡಿ, ಸ್ಕ್ಯಾನಿಗೆ ಬರೆದುಕೊಟ್ಟರು. ನಲವತ್ತು ದಾಟಿದ ಮೇಲೆ ಪಕ್ಕೆಲುಬಿನ ಮೆದು ಭಾಗವೂ ಗಟ್ಟಿ ಎಲುಬಾಗುತ್ತ ಬರುತ್ತದಂತೆ. ಹಾಗಾದರೆ ಕೆತ್ತಲಿಕ್ಕೆ ಬರುವುದಿಲ್ಲ. ಅದನ್ನು ಮೊದಲೇ ನೋಡಬೇಕು ಎಂದರು.

ಮುಂದಿನ ಗುರುವಾರ ಮತ್ತೆ ಹೋದೆವು. ಡಾಕ್ಟರು ಶೈಲೇಶನ ಕೈಗೆ ಒಂದು ಚೀಟಿ ಕೊಟ್ಟು, ಕೆಳಗಿನ ಕೌಂಟರಿನಲ್ಲಿ ಸೀಲು ಹಾಕಿಸಿಕೊಂಡು ಬರಲು ಹೇಳಿದರು. ಅವನು ಹೋದ ಮೇಲೆ ಬಾಗಿಲು ಹಾಕಿ ಬಂದು, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು.

"ಮೆದು ಭಾಗ ಒಳ್ಳೇದುಂಟು. ಬಲಗಡೆಯಿಂದ ತೆಗೀಬಹುದು." ಆಮೇಲೆ ಪೆನ್ನಿನ ತುದಿಯನ್ನು ಇನ್ನೊಂದು ಕಡೆ ಇಟ್ಟರು. "ಇದು ಎಡಗಡೆ. ಏಳು, ಎಂಟು, ಒಂಬತ್ತು. ಮೂರೂ ಮುರಿದು ತಾನಾಗಿ ಕೂಡಿದ ಪಕ್ಕೆಲುಬು. ಕೂಡಿದಲ್ಲಿ ಗಂಟು ಕಾಣ್ತದೆ ನೋಡಿ. ಒಂದೇ ಸಲ ಮುರಿದದ್ದಲ್ಲ. ಇದು ತುಂಬಾ ಹಳತು. ಇದು ಈಚೆಗಿನದ್ದು."

ಮೂರು ಬಿಳಿ ಗಂಟುಗಳು. ನಾನು ನೋಡಿದೆ. ನೋಡುತ್ತಿದ್ದ ಹಾಗೆಯೇ ನನ್ನ ಕೈಬೆರಳುಗಳಿಗೆ ಟೇಪಿನ ನೆನಪಾಯಿತು. ಇಷ್ಟು ವರ್ಷ ಅದೇ ಜಾಗದ ಮೇಲೆ ನಾನು ಟೇಪು ಎಳೆದು ಅಳತೆ ತೆಗೆದದ್ದು. ಟೇಪು ಬಿಗಿಯಾದಾಗ ಅವಳು ಉಸಿರು ಹಿಡಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಗ್ಯಾಸ್ಟ್ರಿಕ್ಕಿಗೆ ಜೀರಿಗೆ ನೀರು ಕುಡಿ ಎಂದು ಬುದ್ಧಿ ಹೇಳಿದ್ದೆ. ಎಡಗಡೆ ಅರ್ಧ ಇಂಚು ಹೆಚ್ಚು ಎಂದು ನನ್ನದೇ ಅಕ್ಷರದಲ್ಲಿ, ವರ್ಷ ವರ್ಷ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

"ಇನ್ನೊಂದು ವಿಷಯ" ಎಂದರು ಡಾಕ್ಟರು. "ಪಕ್ಕೆಲುಬಿನದ್ದು ಗಟ್ಟಿಯಾಗಿ ಕೂತುಕೊಳ್ಳಲಿಕ್ಕೆ ಒಂದು ವರ್ಷ ಬೇಕು. ಅಷ್ಟರಲ್ಲಿ ಒಂದು ಪೆಟ್ಟು ಬಿದ್ರೆ ಜಾರ್ತದೆ, ಮುರೀತದೆ. ಮತ್ತೆ ನಾನು ಎಂತ ಮಾಡಿದ್ರೂ ಈ ಚರ್ಮ ತಡೀಲಿಕ್ಕಿಲ್ಲ. ಇದು ಕಡೇ ಸಲ ಅಂತ ತಿಳ್ಕೊಳ್ಳಿ. ಅದಕ್ಕೆ ಕೇಳುದು. ಮತ್ತೆ ಪೆಟ್ಟು ಬೀಳ್ತದಾ?"

ಮಂಗಳೂರಿನ ಡಾಕ್ಟರು ಕೇಳಿದ್ದೇ ಪ್ರಶ್ನೆ. ನಾಚಿಕೆಗೆಟ್ಟ ಬಾಯಿ ನನ್ನದು, ಅಭ್ಯಾಸದಿಂದ ತೆರೆಯಿತು. "ಇಲ್ಲ" ಎನ್ನುವುದು ನಾಲಗೆಯ ತುದಿಗೆ ಬಂದಿತ್ತು.

"ಬೀಳ್ತದೆ" ಎಂದಳು ಚೆನ್ನು.

ಅಳಲಿಲ್ಲ. ಒಂದು ಪ್ಲೇಟು ದೋಸೆ ಉಂಟು ಎಂದು ಹೇಳುವ ಸ್ವರದಲ್ಲೇ ಹೇಳಿದಳು. "ಸ್ಕೂಟರ್ ಅಲ್ಲ ಡಾಕ್ಟ್ರೆ. ದನವೂ ಅಲ್ಲ. ಬಚ್ಚಲೂ ಅಲ್ಲ. ಗಂಡ. ಅಲ್ಲಿಗೆ ಹೋದ್ರೆ ಬೀಳ್ತದೆ."

"ಬೇರೆ ಎಲ್ಲಿಯಾದ್ರೂ ಇರ್ಲಿಕ್ಕೆ ಜಾಗ ಉಂಟಾ?"

"ನನ್ನ ಮನೆ ಉಂಟು" ಎಂದೆ ನಾನು. ಈ ಸಲ ಮನಸ್ಸಿನಿಂದಲೇ ಹೇಳಿದ್ದು. ಸೀಸನ್ನು ಹಾಳಾಗಿ ಹೋಗಲಿ, ಮದುವೆಯ ಹೆಣ್ಣುಗಳು ಬೇರೆ ಟೈಲರನ್ನು ಹುಡುಕಿಕೊಳ್ಳಲಿ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಅನಿಸಿತ್ತು. ಚೆನ್ನು ನನ್ನ ಕಡೆ ತಿರುಗಲಿಲ್ಲ. ಡಾಕ್ಟರಿಗೇ ಹೇಳಿದಳು.

"ಅಕ್ಕನ ಮನೆ ಬೇಡ. ಅಕ್ಕ ನನ್ನನ್ನು ಹೊಲಿದು ವಾಪಸ್ ಕಳಿಸ್ತಾಳೆ."

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ನಾಲ್ಕು ಮಾತು ಹೇಳಿ ಜಗಳವಾಡಬಹುದಿತ್ತು. ಅವಳು ಪರ್ಸು ತೆರೆದು, ಮಡಚಿ ಮಡಚಿ ಅಂಚು ಹರಿದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಸುಳ್ಯದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ವಸುಮತಿ ಎಂಬವರ ನಂಬರು. ಎರಡು ವರ್ಷದ ಕೆಳಗೆ ಬಸ್ಸಿನವರು ಊಟಕ್ಕೆ ನಿಲ್ಲಿಸಿದಾಗ ಅವರು ಕೈ ತೊಳೆಯಲು ಹಿಂದೆ ಹೋಗಿ, ಇವಳ ಮುಖ ನೋಡಿ, ಒಂದೂ ಪ್ರಶ್ನೆ ಕೇಳದೆ ಬರೆದುಕೊಟ್ಟದ್ದಂತೆ. ಬಸ್ಸಿಳಿದು ಹತ್ತು ನಿಮಿಷ ನಿಂತ ಹೆಂಗಸಿಗೆ ಕಂಡದ್ದು ನನಗೆ ಇಷ್ಟು ವರ್ಷ ಕಾಣಲಿಲ್ಲ.

ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಫೈಲಿನಲ್ಲಿ ಬರೆದರು. ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ಚೆನ್ನು ಗುಂಡ್ಯಕ್ಕೆ ಹೋಗದೆ ಸುಳ್ಯಕ್ಕೆ ಹೋದಳು. ಕೇಸು ಇನ್ನೂ ನಡೆಯುತ್ತಿದೆ, ಹೋಟೆಲೂ ನಡೆಯುತ್ತಿದೆ. ಶೈಲೇಶ್ ಬೇರೆ ಅಡುಗೆಯವರನ್ನು ಇಟ್ಟುಕೊಂಡಿದ್ದಾನೆ, ಗಿರಾಕಿಗಳಿಗೆ ಈಗಲೂ ಅದೇ ಬೆಲ್ಲದ ಮಾತು. ಸತ್ಯ ತಪ್ಪಿದವನನ್ನು ದೈವ ಬಿಡುವುದಿಲ್ಲ ಎಂದು ಅಣ್ಣ ಪ್ರೇಮನಾಥ ಹೇಳುತ್ತಾನೆ. ದೈವ ಅವನಿಗೆ ಎಂತ ಮಾಡುತ್ತದೋ ನಾನು ಕಾಣೆ. ಹಿಂಗಾರದ ಎಸಳು ಕೊಟ್ಟು ತಂಗಿಯನ್ನು ಕಳುಹಿಸಿದವರನ್ನು ಅದು ಏನು ಮಾಡಬೇಕು ಎಂದು ಅಣ್ಣನನ್ನು ಒಮ್ಮೆ ಕೇಳಿದೆ. ಆಮೇಲೆ ನಮ್ಮೊಳಗೆ ಮಾತು ಕಡಿಮೆಯಾಗಿದೆ.

ಆಪರೇಷನ್ನಿಗೆ ಅವಳ ಜೊತೆ ನಿಂತದ್ದು ವಸುಮತಿ. ನಾನು ಹೊರಗಿನ ಬೆಂಚಿನಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಕೂತೆ. ಬಂದವರು ಹೋದವರು ಪೇಷೆಂಟಿಗೆ ನೀವು ಯಾರು ಎಂದು ಕೇಳಿದರೆ ಅಕ್ಕ ಎನ್ನಲಿಕ್ಕೆ ಧೈರ್ಯ ಬರಲಿಲ್ಲ. ಚೆನ್ನು ಈಗ ಆ ಹಾಸ್ಟೆಲಿನಲ್ಲೇ ಅಡುಗೆ ಮಾಡಿಕೊಂಡಿದ್ದಾಳೆ. ಮೊದಲ ಮೂರು ತಿಂಗಳು ತರಕಾರಿ ಹೆಚ್ಚಲಿಕ್ಕೆ ಮಾತ್ರ ಕೂರಿಸಿದ್ದರಂತೆ.

ಕಳೆದ ತಿಂಗಳು, ಶಾಲೆ ಶುರುವಾಗುವ ಮುಂಚೆ, ಅವಳು ನನ್ನ ಅಂಗಡಿಗೆ ಬಂದಳು. ನಾನು ಕರೆದದ್ದಲ್ಲ. ಕೈಯಲ್ಲಿ ಒಂದು ರವಿಕೆ ಬಟ್ಟೆ ಇತ್ತು. ಮೂಗು ನೆಟ್ಟಗಿದೆ, ಇನ್ನೂ ಸ್ವಲ್ಪ ದಪ್ಪವಾಗಿಯೇ ಇದೆ. ಅಪ್ಪನ ಮೂಗು ಅದಲ್ಲ. ಬಾಯಿ ಮುಚ್ಚಿ ಉಸಿರಾಡುತ್ತಾಳೆ, ನಾನು ಅದನ್ನೇ ನೋಡುತ್ತಿದ್ದೆ.

"ವಾಸನೆ ಬರ್ತದಾ?" ಎಂದು ಕೇಳಿದೆ.

"ಸೀದದ್ದು ಮಾತ್ರ ಗೊತ್ತಾಗ್ತದೆ. ಉಳಿದದ್ದು ಮುಂದೆ ಬರ್ಲಿಕ್ಕೂ ಸಾಕು, ಬಾರದಿರ್ಲಿಕ್ಕೂ ಸಾಕು ಅಂತ ಡಾಕ್ಟ್ರು ಹೇಳಿದ್ದಾರೆ."

ಅಳತೆ ಪುಸ್ತಕ ಇತ್ತು, ತೆರೆಯಲಿಲ್ಲ. ಹೊಸದಾಗಿ ಅಳತೆ ತೆಗೆಯುತ್ತೇನೆ ಎಂದೆ. ಕನ್ನಡಿಯ ಮುಂದೆ ಅವಳು ಕೈ ಎತ್ತಿ ನಿಂತಳು. ನಾನು ಟೇಪನ್ನು ಬಿಗಿ ಮಾಡದೆ, ಸುಮ್ಮನೆ ತಾಗಿಸಿ ಹಿಡಿದೆ.

"ಎಡಗಡೆ ಸಡಿಲ ಇಡ್ತೇನೆ" ಎಂದೆ.

"ಈಗ ಬಲಗಡೆಯೂ ಇಡು ಅಕ್ಕ. ಅಲ್ಲಿಂದಲ್ಲವಾ ತೆಗೆದದ್ದು."

ಬರೆದುಕೊಂಡೆ. ಟೇಪು ಕೈಯಲ್ಲೇ ಇತ್ತು. ಯಾವ ವರ್ಷವೂ ಕೇಳದ್ದನ್ನು ಆ ದಿನ ಕೇಳಿದೆ.

"ಎಡಗಡೆಯದ್ದು ಯಾವಾಗ ಆದದ್ದು ಚೆನ್ನು?"

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

"ಯಾವುದು ಅಕ್ಕ? ಮೂರುಂಟಲ್ಲ."